ನಗರದ ಸರ್ಕಾರಿ ಶಾಲೆಗೆ ಕಂಪ್ಯೂಟರ್ ತರುವ ಮುನ್ನ, ತಂದ ಮೇಲೆ: ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಗೆ, ದಾನಿಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಂಥ ನಗರದಲ್ಲಿ ಸರ್ಕಾರಿ ಶಾಲೆಗೆ ಕಂಪ್ಯೂಟರ್ ಕೊಡಲು ಮುಂದೆ ಬರುವವರಿಗೆ ಅಷ್ಟಾಗಿ ಕೊರತೆಯಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಪ್ರಕಾರ ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಈ ಹಣದ ಒಂದು ಪಾಲು ಶಾಲೆಗಳತ್ತ ಹರಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲೂ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಮತ್ತು ಸ್ಮಾರ್ಟ್ ಕ್ಲಾಸಿಗೆ ಪ್ರತ್ಯೇಕ ಅನುದಾನವಿದೆ. ಹೀಗಿದ್ದರೂ ಎಷ್ಟೋ ಶಾಲೆಗಳಲ್ಲಿ ಉದ್ಘಾಟನೆಯ ಫಲಕ ಹೊಳೆಯುತ್ತಿರುತ್ತದೆ, ಕೊಠಡಿಗೆ ಬೀಗ ಬಿದ್ದಿರುತ್ತದೆ. ಯಂತ್ರವನ್ನು ತರುವ ಮೊದಲು ಅದನ್ನು ಯಾರು, ಯಾವ ಅವಧಿಯಲ್ಲಿ, ಯಾವ ಪಾಠಕ್ಕೆ ಬಳಸುತ್ತಾರೆ, ಕೆಟ್ಟಾಗ ಯಾರ ಹಣದಲ್ಲಿ ದುರಸ್ತಿಯಾಗುತ್ತದೆ ಎಂಬುದು ಕಾಗದದ ಮೇಲೆ ಬಾರದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಖರೀದಿಯ ಮಾತು ನಾಲ್ಕನೇ ಹೆಜ್ಜೆಯಲ್ಲಿ ಬರುತ್ತದೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಅನುಭವವೇನೂ ಕಡಿಮೆಯಿಲ್ಲ. ಈ ಶತಮಾನದ ಆರಂಭದಲ್ಲಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಮಾಹಿತಿ ಸಿಂಧು’ ಯೋಜನೆ ಬಂತು. 2004ರ ಡಿಸೆಂಬರಿನಲ್ಲಿ ಕೇಂದ್ರವು ಶಾಲೆಗಳಿಗಾಗಿ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯನ್ನು ಆರಂಭಿಸಿದ ಮೇಲೆ ಖಾಸಗಿ ಸಂಸ್ಥೆಗಳು ಯಂತ್ರವನ್ನೂ ಬೋಧಕರನ್ನೂ ಒಟ್ಟಿಗೆ ಒದಗಿಸುವ ಗುತ್ತಿಗೆ ಪದ್ಧತಿ ಬೆಳೆಯಿತು. ಗುತ್ತಿಗೆ ಮುಗಿದಾಗ ಬೋಧಕರು ಹೊರಟುಹೋದರು, ಯಂತ್ರಗಳು ಉಳಿದವು, ಶಾಲೆಯ ಕಾಯಂ ಶಿಕ್ಷಕರಿಗೆ ಅವು ಹೊರಗಿನವರ ವಸ್ತುಗಳಾಗಿಯೇ ಕಂಡವು. ಆನಂತರ ಬಂದ ‘ಟಾಲ್ಪ್’ (ತಂತ್ರಜ್ಞಾನ ನೆರವಿನ ಕಲಿಕೆ) ಕಾರ್ಯಕ್ರಮ ವಿಷಯ ಶಿಕ್ಷಕರಿಗೇ ತರಬೇತಿ ಕೊಡುವ ದಾರಿ ಹಿಡಿದದ್ದು ಈ ಹಿನ್ನೆಲೆಯಲ್ಲಿ ಸರಿಯಾದ ತಿರುವಾಗಿತ್ತು.

ಮೊದಲ ಹೆಜ್ಜೆ: ಒಂದೇ ಒಂದು ಕಲಿಕೆಯ ತೊಡಕನ್ನು ಆರಿಸಿಕೊಳ್ಳಿ

‘ನಮ್ಮ ಶಾಲೆಗೂ ಸ್ಮಾರ್ಟ್ ಕ್ಲಾಸ್ ಬೇಕು’ ಎಂಬುದು ಬೇಡಿಕೆಯಾಗುತ್ತದೆಯೇ ಹೊರತು ಉದ್ದೇಶವಾಗುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯುವ ಮೊದಲು ಶಿಕ್ಷಕರೆಲ್ಲ ಒಮ್ಮೆ ಕುಳಿತು, ಯಾವ ತರಗತಿಯ ಯಾವ ಮಕ್ಕಳಿಗೆ ಯಾವ ವಿಷಯ ಹತ್ತುತ್ತಿಲ್ಲ ಎಂಬುದನ್ನು ಬರೆದುಕೊಳ್ಳಬೇಕು. ಆರನೇ ತರಗತಿಗೆ ಬಂದರೂ ಭಾಗಾಕಾರ ಬಾರದ ಮಕ್ಕಳು, ಕಟ್ಟಡದ ಕೆಲಸಕ್ಕೆಂದು ಬಂದ ತಂದೆತಾಯಿಯೊಡನೆ ಯಾದಗಿರಿಯಿಂದಲೋ ರಾಯಚೂರಿನಿಂದಲೋ ವರ್ಷದ ಮಧ್ಯದಲ್ಲಿ ಬಂದು ಸೇರಿದ ಮಕ್ಕಳು, ಮನೆಯಲ್ಲಿ ತಮಿಳು, ತೆಲುಗು ಅಥವಾ ಉರ್ದು ಮಾತಾಡುತ್ತಾ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳು, ಹೀಗೆ ನಗರದ ಶಾಲೆಯ ತೊಡಕುಗಳು ಸ್ಪಷ್ಟವಾಗಿಯೇ ಇರುತ್ತವೆ. ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಯಂತ್ರ ಎಷ್ಟು ಬೇಕು, ಎಂಥದು ಬೇಕು ಎಂಬುದು ತಾನಾಗಿ ನಿರ್ಧಾರವಾಗುತ್ತದೆ.

ಗುಜರಾತಿನ ವಡೋದರಾ ನಗರದ ಪುರಸಭಾ ಶಾಲೆಗಳ ಉದಾಹರಣೆಯನ್ನು ಇಲ್ಲಿ ವಿವರವಾಗಿ ಹೇಳುವುದು ಅಗತ್ಯ. 2000ನೇ ಇಸವಿಯಲ್ಲಿ ಅಲ್ಲಿನ ರಾಜ್ಯ ಸರ್ಕಾರ 100 ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಎರಡು ವರ್ಷದ ನಂತರ ನೋಡಿದಾಗ ಪ್ರಾಥಮಿಕ ತರಗತಿಯ ಮಕ್ಕಳು ಅವುಗಳನ್ನು ಬಳಸುತ್ತಿದ್ದುದು ತೀರಾ ಅಪರೂಪವಾಗಿತ್ತು. ಆಮೇಲೆ ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆ ಅದೇ ಯಂತ್ರಗಳಿಗೆ ಜೀವ ಕೊಟ್ಟಿತು: ನಾಲ್ಕನೇ ತರಗತಿಯ ಮಕ್ಕಳು ಒಂದು ಕಂಪ್ಯೂಟರಿಗೆ ಇಬ್ಬರಂತೆ ಕುಳಿತು, ವಾರಕ್ಕೆ ಎರಡು ಗಂಟೆ, ಒಂದು ಗಂಟೆ ಶಾಲಾ ಅವಧಿಯಲ್ಲಿ ಮತ್ತು ಇನ್ನೊಂದು ಗಂಟೆ ಶಾಲೆಗೆ ಮೊದಲು ಅಥವಾ ನಂತರ, ತಮ್ಮ ಮಟ್ಟಕ್ಕೆ ತಕ್ಕ ಗಣಿತದ ಆಟಗಳನ್ನು ಆಡಿದರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮಕ್ಕಳ ಗಣಿತದ ಅಂಕಗಳು ಗಣನೀಯವಾಗಿ ಏರಿದ್ದನ್ನು ದಾಖಲಿಸಿತು. ಭಾಷೆಯ ಅಂಕಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕಾರ್ಯಕ್ರಮದಿಂದ ಹೊರಬಂದ ಒಂದು ವರ್ಷದ ಬಳಿಕ ಗಳಿಕೆಯ ಬಹುಪಾಲು ಕರಗಿತ್ತು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಯಂತ್ರ ಅದೇ, ಶಾಲೆ ಅದೇ; ಮೊದಲ ಎರಡು ವರ್ಷಕ್ಕೂ ಆಮೇಲಿನ ಅವಧಿಗೂ ನಡುವೆ ಬದಲಾದದ್ದು ವಿಷಯ, ವೇಳೆ ಮತ್ತು ಜೊತೆಗೆ ನಿಂತು ನಡೆಸುವವರು.

ಎರಡನೇ ಹೆಜ್ಜೆ: ಬೀಗ ಹಾಕಿದ ಕೊಠಡಿಯನ್ನು ತೆರೆದು ಲೆಕ್ಕ ಹಾಕಿ

ಹೊಸದನ್ನು ಕೇಳುವ ಮೊದಲು ಇರುವುದೇನೆಂದು ನೋಡಬೇಕು. ದಾಸ್ತಾನು ವಹಿ ಹಿಡಿದು ಪ್ರತಿ ಯಂತ್ರವನ್ನೂ ಚಾಲೂ ಮಾಡಿ, ನಡೆಯುವವು, ಸಣ್ಣ ದುರಸ್ತಿಯಿಂದ ನಡೆಯಬಲ್ಲವು, ಸತ್ತವು ಎಂದು ಮೂರು ಪಾಲು ಮಾಡಿ. ಐದಾರು ಸತ್ತ ಯಂತ್ರಗಳ ಮೆಮೊರಿ ಮತ್ತು ಪವರ್ ಸಪ್ಲೈಗಳನ್ನು ಬಳಸಿ ಎರಡು ಮೂರನ್ನು ಎಬ್ಬಿಸಲು ಸಾಧ್ಯವಾಗುವುದುಂಟು.

ಸತ್ತವುಗಳ ವಿಷಯದಲ್ಲಿ ಮುಖ್ಯ ಶಿಕ್ಷಕರಿಗೆ ಒಂದು ಭಯವಿರುತ್ತದೆ: ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಗತಿಯೇನು? ಈ ಭಯದಿಂದಲೇ ಹಳೆಯ ಮಾನಿಟರುಗಳು ವರ್ಷಗಟ್ಟಲೆ ಮಕ್ಕಳು ಕೂರಬೇಕಾದ ಜಾಗವನ್ನು ತಿನ್ನುತ್ತಿರುತ್ತವೆ. ಎಸ್‌ಡಿಎಂಸಿ ಠರಾವು ಮಾಡಿ, ತಾಂತ್ರಿಕ ಪರಿಶೀಲನೆಯ ವರದಿ ಲಗತ್ತಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ವಿಲೇವಾರಿಗೆ ಲಿಖಿತ ಅನುಮತಿ ಕೇಳುವುದೇ ಸರಿಯಾದ ದಾರಿ. ಅನುಮತಿ ಬಂದ ಮೇಲೆ ಗುಜರಿಗೆ ಹಾಕದೆ, ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿಯನ್ನು ವಹಿಗೆ ಅಂಟಿಸಿ. ಕೊಡುವ ಮೊದಲು ಹಾರ್ಡ್ ಡಿಸ್ಕುಗಳನ್ನು ಬಿಚ್ಚಿ ಇಟ್ಟುಕೊಳ್ಳಿ. ಅವುಗಳಲ್ಲಿ ಮಕ್ಕಳ ವಿಳಾಸ, ಆಧಾರ್ ಪ್ರತಿಗಳು, ಅಂಕಪಟ್ಟಿಗಳು ಉಳಿದಿರಬಹುದು.

ಮೂರನೇ ಹೆಜ್ಜೆ: ಕೊಠಡಿ, ಕರೆಂಟು, ಬೀಗದ ಕೈ

ನಗರದ ಶಾಲೆಯ ದೊಡ್ಡ ಸಮಸ್ಯೆ ಜಾಗ. ಒಂದೇ ಆವರಣದಲ್ಲಿ ಕನ್ನಡ, ಉರ್ದು, ತಮಿಳು ಮಾಧ್ಯಮದ ಶಾಲೆಗಳು, ಮೇಲ್ಮಹಡಿಯಲ್ಲಿ ಪ್ರೌಢಶಾಲೆ, ಪ್ರತಿಯೊಂದಕ್ಕೂ ಬೇರೆ ಮುಖ್ಯಸ್ಥರು ಇರುವ ಸನ್ನಿವೇಶ ಸಾಮಾನ್ಯ. ಅಲ್ಲಿ ಪ್ರಯೋಗಾಲಯವನ್ನು ಹಂಚಿಕೊಳ್ಳುವುದು ಅನಿವಾರ್ಯವಾದರೆ, ಬೀಗದ ಕೈ ಯಾರ ಬಳಿ ಇರುತ್ತದೆ, ಯಾವ ವಾರ ಯಾರದು, ಒಡೆದರೆ ಹೊಣೆ ಯಾರದು ಎಂಬುದನ್ನು ಮುಖ್ಯಸ್ಥರೆಲ್ಲ ಸಹಿ ಹಾಕಿದ ಒಂದು ಪುಟದಲ್ಲಿ ಬರೆದಿಡಿ. ಶಾಲೆ ಮತಗಟ್ಟೆಯಾಗುವ ದಿನಗಳನ್ನೂ ಯೋಚಿಸಿ. ಚುನಾವಣೆಯ ಹಿಂದಿನ ದಿನ ಅವಸರದಲ್ಲಿ ಕೇಬಲ್ ಕಿತ್ತು ಮೂಲೆಗೆ ಒಟ್ಟಿದ ಯಂತ್ರಗಳು ಮತ್ತೆ ಜೋಡಣೆಯಾಗದೇ ಉಳಿದುಬಿಡುತ್ತವೆ. ಮತಗಟ್ಟೆಗೆ ಬೇರೆ ಕೊಠಡಿಯನ್ನು ಗುರುತಿಸಿಕೊಡುವಂತೆ ಮೊದಲೇ ಪತ್ರ ಬರೆಯುವುದು ಒಳ್ಳೆಯದು.

ಕರೆಂಟಿನ ಲೆಕ್ಕವನ್ನು ಯಾರೂ ಮಾಡುವುದಿಲ್ಲ, ಆದರೆ ಮೊದಲು ಕೈಕೊಡುವುದು ಅದೇ. ಒಂದು ಡೆಸ್ಕ್‌ಟಾಪ್ ಮಾನಿಟರ್ ಸಹಿತ ಸುಮಾರು 120 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 20 ಯಂತ್ರಗಳಿಗೆ 2.4 ಕಿಲೋವ್ಯಾಟ್ ಬೇಕು. ಅದರ ಮೇಲೆ ಪ್ರೊಜೆಕ್ಟರ್, ಫ್ಯಾನ್, ದೀಪ. ಹಳೆಯ ಶಾಲೆಗಳ ಮಂಜೂರಾದ ಹೊರೆ ಒಂದೆರಡು ಕಿಲೋವ್ಯಾಟ್ ಮಾತ್ರ ಇರುವುದುಂಟು. ಬಿಲ್ಲಿನಲ್ಲಿ ಈ ಅಂಕಿಯನ್ನು ನೋಡಿ, ಸಾಲದಿದ್ದರೆ ಬೆಸ್ಕಾಂಗೆ ಹೊರೆ ಹೆಚ್ಚಿಸುವ ಅರ್ಜಿ ಹಾಕಿ; ಈ ಕೆಲಸಕ್ಕೆ ತಗಲುವ ಸಮಯವನ್ನು ಯೋಜನೆಯಲ್ಲಿ ಸೇರಿಸಿ. ಇಷ್ಟು ಡೆಸ್ಕ್‌ಟಾಪುಗಳಿಗೆ 3 ಕೆವಿಎ ಯುಪಿಎಸ್ ಅಂಚಿನಲ್ಲೇ ಓಡಬೇಕಾಗುತ್ತದೆ, 5 ಕೆವಿಎ ಸುರಕ್ಷಿತ. ಲ್ಯಾಪ್‌ಟಾಪ್ ಆದರೆ ಇಪ್ಪತ್ತಕ್ಕೂ ಸೇರಿ ಒಂದು ಕಿಲೋವ್ಯಾಟ್ ಆಸುಪಾಸು ಸಾಕು, ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಆದರೆ ಕಳವಿನ ಅಪಾಯ ಹೆಚ್ಚು, ಆದ್ದರಿಂದ ಗೋಡೆಗೆ ಬಿಗಿದ ಕಬ್ಬಿಣದ ಬೀರು ಮತ್ತು ವಿಮೆ ಎರಡೂ ಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಹಿಡಿಸಿ ನೋಡಿ: ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬಂದರೆ, ಅದನ್ನು ಸರಿಪಡಿಸುವ ತನಕ ಯಂತ್ರ ಜೋಡಿಸಬೇಡಿ. ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವವರ ಹೆಸರು ಗೋಡೆಯ ಮೇಲೆ ಬರೆದಿರಲಿ; ಬೇಸಿಗೆ ರಜೆಯಲ್ಲಿ ನೀರು ಆರಿ ಬ್ಯಾಟರಿ ಸತ್ತರೆ ಜೂನ್ ತಿಂಗಳ ಮೊದಲ ದಿನವೇ ಕೊಠಡಿ ಮುಚ್ಚುತ್ತದೆ. ಇಲಿಗಳು ಕೇಬಲ್ ಕಡಿಯದಂತೆ ತಂತಿಗಳನ್ನೆಲ್ಲ ಪಿವಿಸಿ ಪೈಪಿನೊಳಗೆ ಹಾಯಿಸಿ. ಮಳೆಗಾಲದಲ್ಲಿ ಒಮ್ಮೆ ಸೂರು ನೋಡದೆ ಕೊಠಡಿಯನ್ನು ಆಯ್ಕೆ ಮಾಡಬೇಡಿ.

ನಾಲ್ಕನೇ ಹೆಜ್ಜೆ: ಕೊಳ್ಳುವುದು, ದಾನಿಗಳೊಡನೆ ಒಪ್ಪಂದ

ದಾನಿಗಳಿಗೆ ವಿನಮ್ರವಾಗಿ, ಆದರೆ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ: ಯಂತ್ರದ ಬೆಲೆಯ ಜೊತೆಗೆ ಐದು ವರ್ಷದ ನಿರ್ವಹಣೆಯ ಹಣವನ್ನೂ ಕೊಡುವುದಾದರೆ ಮಾತ್ರ ಆ ದಾನ ಪೂರ್ಣ. ಸಮಗ್ರ ಶಿಕ್ಷಣದ ಮಾನದಂಡದಲ್ಲೇ ಈ ವಿವೇಕವಿದೆ, ಪ್ರಯೋಗಾಲಯಕ್ಕೆ 6.40 ಲಕ್ಷ ರೂಪಾಯಿವರೆಗಿನ ಒಮ್ಮೆಯ ಅನುದಾನದ ಜೊತೆಗೆ, ಐದು ವರ್ಷಗಳ ಕಾಲ ವಾರ್ಷಿಕ 2.40 ಲಕ್ಷದವರೆಗೆ ಆವರ್ತಕ ವೆಚ್ಚಕ್ಕೆ ಅವಕಾಶ ಕಲ್ಪಿಸಲಾಗಿದೆ. ಖಾಸಗಿ ದಾನದಲ್ಲಿ ಈ ಎರಡನೇ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. 20 ಯಂತ್ರ ಕೊಡಲು ಬಂದವರಿಗೆ 12 ಕೊಡಿ, ಉಳಿದ ಹಣವನ್ನು ವಾರ್ಷಿಕ ನಿರ್ವಹಣೆಗೆ ಮತ್ತು ಬ್ಯಾಟರಿ ಬದಲಾವಣೆಗೆ ಇಡಿ ಎಂದು ಕೇಳಲು ಸಂಕೋಚಪಡಬಾರದು.

ಒಪ್ಪಂದದಲ್ಲಿ ಇವಿಷ್ಟು ಇರಲೇಬೇಕು: ಯಂತ್ರಗಳ ಒಡೆತನ ಶಾಲೆಯದೇ ಎಂಬುದು, ದೂರು ಕೊಟ್ಟ ಎಷ್ಟು ದಿನದೊಳಗೆ ದುರಸ್ತಿ, ಯಾವ ತಂತ್ರಾಂಶ ಹಾಕಲಾಗುತ್ತದೆ, ಮತ್ತು ಅದರ ಪರವಾನಗಿ ಮುಗಿದ ಮೇಲೆ ಹಣ ಯಾರು ಕೊಡುತ್ತಾರೆ. ಪಾಠದ ತಂತ್ರಾಂಶವನ್ನು ಕಾಗದದ ಮೇಲಿನ ಪಟ್ಟಿ ನೋಡಿ ಒಪ್ಪಬೇಡಿ. ನಿಮ್ಮದೇ ಏಳನೇ ತರಗತಿಯ ನಾಲ್ಕು ಮಕ್ಕಳನ್ನು ಕೂರಿಸಿ ಒಂದು ಪೂರ್ತಿ ಪಾಠವನ್ನು ನಡೆಸಿ ನೋಡಿ. ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾಡಳಿತ 2013ರಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟು, ಪಾಠಸಾಮಗ್ರಿ ಪೂರ್ತಿಯಾಗುವ ಮೊದಲೇ ಯಂತ್ರಗಳನ್ನು ಹಂಚಿತು. ಮಕ್ಕಳು ಕೆಲವೇ ದಿನಗಳಲ್ಲಿ ಅದರ ನಿರ್ಬಂಧಗಳನ್ನು ದಾಟಿದರು. ಮರುವರ್ಷ ಆ ಗುತ್ತಿಗೆಯನ್ನೇ ನಿಲ್ಲಿಸಬೇಕಾಯಿತು. ಹಣವಿರುವ ಊರಿನಲ್ಲೂ ಆಗುವುದು ಹೀಗೆಯೇ.

ಸ್ಮಾರ್ಟ್ ಬೋರ್ಡ್ ಅಥವಾ ದೊಡ್ಡ ಪರದೆ ಕೊಳ್ಳುವಾಗ ಇಂಚಿನ ಲೆಕ್ಕ ಮಾತ್ರ ನೋಡಬೇಡಿ. ಕೊನೆಯ ಬೆಂಚು ಎಂಟು ಮೀಟರ್ ದೂರದಲ್ಲಿದ್ದರೆ ಅಕ್ಷರ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರವಿದ್ದಾಗ ಮಾತ್ರ ಸಲೀಸಾಗಿ ಓದಲಾಗುತ್ತದೆ. 65 ಇಂಚಿನ ಪರದೆಯ ಎತ್ತರ ಸುಮಾರು 81 ಸೆಂಟಿಮೀಟರ್. ಒತ್ತಕ್ಷರಗಳಿಗೆ ಸಾಲುಗಳ ನಡುವೆ ಜಾಗ ಬಿಡಬೇಕಾದ್ದರಿಂದ ಕನ್ನಡದ ಎಂಟು ಹತ್ತು ಸಾಲು ಹಿಡಿದರೆ ಹೆಚ್ಚು. ಮಾರಾಟಗಾರರು ತೋರಿಸಲು ಬಂದಾಗ ಪರದೆಯ ಮೇಲೆ ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ದೀರ್ಘ’ ಎಂದು ಬರೆದು, ಮಧ್ಯಾಹ್ನದ ಬೆಳಕಿನಲ್ಲಿ ಕಿಟಕಿ ತೆರೆದಿಟ್ಟು, ಕೊನೆಯ ಬೆಂಚಿನ ಮಗುವನ್ನು ಓದಲು ಹೇಳಿ. ಓದಲಾಗದಿದ್ದರೆ ಆ ಪರದೆ ಆ ಕೊಠಡಿಗಲ್ಲ.

ಐದನೇ ಹೆಜ್ಜೆ: ತಂತ್ರಾಂಶ ಮತ್ತು ಕನ್ನಡ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪನಿಗಳು ತಮ್ಮಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ಶಾಲೆಗಳಿಗೆ ಕೊಡುವಾಗ, ಅವುಗಳಲ್ಲಿ ಅನೇಕಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಇಂಥವುಗಳಿಗೆ ಉಬುಂಟುವಿನಂಥ, ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ ಹಾಕುವುದು ಪ್ರಾಯೋಗಿಕ ಪರಿಹಾರ. ಪರವಾನಗಿಯ ಖರ್ಚಿಲ್ಲ, ವೈರಸ್ ಕಾಟವೂ ಕಡಿಮೆ. ಪಕ್ಕದ ಕೇರಳ ತನ್ನ ಶಾಲೆಗಳಲ್ಲಿ ವರ್ಷಗಳಿಂದ ಮುಕ್ತ ತಂತ್ರಾಂಶವನ್ನೇ ಬಳಸುತ್ತಾ ಬಂದಿದೆ, ‘ಕೈಟ್’ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆ 45,000 ತರಗತಿ ಕೊಠಡಿಗಳನ್ನು ಸಜ್ಜುಗೊಳಿಸಿದ್ದೂ ಇದೇ ನೀತಿಯಡಿ. ಗಣಿತಕ್ಕೆ ಜಿಯೋಜೀಬ್ರಾ, ಚಿಕ್ಕ ಮಕ್ಕಳ ಚಿತ್ರಕ್ಕೆ ಟಕ್ಸ್ ಪೇಂಟ್, ಪ್ರೋಗ್ರಾಮಿಂಗಿಗೆ ಸ್ಕ್ರ್ಯಾಚ್, ಇವಿಷ್ಟರಿಂದಲೇ ಒಂದು ವರ್ಷದ ಕೆಲಸ ಸಾಗುತ್ತದೆ.

ಕನ್ನಡದ ಬರವಣಿಗೆಯನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಗಳು, ಠರಾವುಗಳು ಹೊಸ ಯಂತ್ರದಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಶಿಕ್ಷಕರು ‘ಇದರಲ್ಲಿ ಕನ್ನಡ ಬರುವುದಿಲ್ಲ’ ಎಂದು ಕೈಬಿಡುವುದು ಇಲ್ಲಿಯೇ. ಇನ್ನು ಮುಂದಿನದೆಲ್ಲ, ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲೇ ಎಂದು ನಿರ್ಧರಿಸಿ, ಅಗತ್ಯವಿರುವ ಹಳೆಯ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಿ. ಶಿಕ್ಷಕರಿಗೆ ರೂಢಿಯಿರುವ ಕೆ.ಪಿ. ರಾವ್ ಕೀಲಿವಿನ್ಯಾಸ ಲಿನಕ್ಸ್‌ನಲ್ಲೂ ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಉರ್ದು ಅಥವಾ ತಮಿಳು ಮಾಧ್ಯಮದ ಶಾಲೆ ಪಕ್ಕದಲ್ಲಿದ್ದರೆ ಅವರ ಭಾಷೆಯ ಕೀಲಿವಿನ್ಯಾಸವನ್ನೂ ಅದೇ ದಿನ ಜೋಡಿಸಿ.

ಅಂತರ್ಜಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 20 ಯಂತ್ರಗಳಲ್ಲಿ ಒಟ್ಟಿಗೆ ವೀಡಿಯೊ ಓಡಿಸಿದರೆ ಸೆಕೆಂಡಿಗೆ 20ರಿಂದ 30 ಮೆಗಾಬಿಟ್ ಸಂಪರ್ಕ ಸತತವಾಗಿ ಬೇಕು. ರಸ್ತೆ ಅಗೆದು ಕೇಬಲ್ ಕಡಿಯುವ ನಗರದಲ್ಲಿ ಅದನ್ನು ನೆಚ್ಚಿಕೊಂಡು ಪಾಠ ಯೋಜಿಸಲಾಗದು. ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾದ ಪಾಠಗಳನ್ನು ಮೊದಲೇ ಇಳಿಸಿಕೊಳ್ಳಿ. ಕೊಲಿಬ್ರಿ, ಕಿವಿಕ್ಸ್‌ನಂಥ, ಅಂತರ್ಜಾಲವಿಲ್ಲದೆ ಪಾಠ ತೋರಿಸುವ ಉಚಿತ ತಂತ್ರಾಂಶಗಳನ್ನು ಒಂದು ಯಂತ್ರದಲ್ಲಿ ಹಾಕಿ ಉಳಿದವಕ್ಕೆ ಕೊಠಡಿಯೊಳಗಿನ ಜಾಲದಿಂದಲೇ ಹಂಚಬಹುದು.

ಆರನೇ ಹೆಜ್ಜೆ: ವೇಳಾಪಟ್ಟಿ ಮತ್ತು ಶಿಕ್ಷಕರು

ಇಡೀ ಯೋಜನೆ ನಿಲ್ಲುವುದೋ ಬೀಳುವುದೋ ಈ ಹೆಜ್ಜೆಯಲ್ಲಿ. ಒಂದು ಪ್ರೌಢಶಾಲೆಯನ್ನು ತೆಗೆದುಕೊಳ್ಳಿ: 8, 9, 10ನೇ ತರಗತಿಗೆ ಎರಡೆರಡು ವಿಭಾಗ, ಪ್ರತಿ ವಿಭಾಗದಲ್ಲಿ ನಲವತ್ತೈದರಷ್ಟು ಮಕ್ಕಳು, 12 ಯಂತ್ರಗಳು. ಒಂದಕ್ಕೆ ಇಬ್ಬರಂತೆ 24 ಮಕ್ಕಳು ಕೂರಬಹುದು, ಅಂದರೆ ಪ್ರತಿ ವಿಭಾಗ ಎರಡು ತಂಡ. ಪ್ರತಿ ತಂಡಕ್ಕೆ ವಾರಕ್ಕೆ ಎರಡು ಅವಧಿ ಎಂದರೆ ಒಟ್ಟು 24 ಅವಧಿ. ಒಂದು ತಂಡ ಕಂಪ್ಯೂಟರ್ ಮುಂದಿದ್ದಾಗ ಇನ್ನೊಂದು ತಂಡ ಏನು ಮಾಡುತ್ತದೆ, ಯಾರ ಜೊತೆ ಇರುತ್ತದೆ? ಈ ಪ್ರಶ್ನೆಗೆ ಉತ್ತರ ಬರೆಯದ ವೇಳಾಪಟ್ಟಿ ಎರಡನೇ ವಾರದಲ್ಲೇ ಮುರಿಯುತ್ತದೆ. ಗ್ರಂಥಾಲಯದ ಓದು, ವಿಜ್ಞಾನದ ಪ್ರಯೋಗ, ದೈಹಿಕ ಶಿಕ್ಷಣದ ಅವಧಿಗಳೊಡನೆ ಇದನ್ನು ಹೆಣೆಯಬೇಕು.

ಹತ್ತನೇ ತರಗತಿಯನ್ನು ಮೊದಲ ವರ್ಷ ಬಿಟ್ಟುಬಿಡುವುದು ಉತ್ತಮ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರು ಅವಧಿ ಬಿಟ್ಟುಕೊಡುವುದಿಲ್ಲ, ಅವರನ್ನು ದೂರುವುದೂ ನ್ಯಾಯವಲ್ಲ. 8 ಮತ್ತು 9ನೇ ತರಗತಿಗೆ ಸೇರಿ 16 ಅವಧಿ, ಎಂಟನೇ ತರಗತಿಯಿಂದ ಮಾತ್ರ ಆರಂಭಿಸಿದರೆ ಎಂಟು ಅವಧಿ ಎಂದು ಲೆಕ್ಕವೂ ಹಗುರಾಗುತ್ತದೆ.

ಶಿಕ್ಷಕರ ಹಿಂಜರಿಕೆಯನ್ನು ಉದಾಸೀನವೆಂದು ತಿಳಿಯಬಾರದು. ನಗರದ ಸರ್ಕಾರಿ ಶಿಕ್ಷಕರ ಹೆಗಲ ಮೇಲೆ ಮತಗಟ್ಟೆ ಅಧಿಕಾರಿಯ ಕೆಲಸ, ಸಮೀಕ್ಷೆ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್‌ನಲ್ಲಿ (ವಿದ್ಯಾರ್ಥಿಗಳ ದಾಖಲೆಯ ಸರ್ಕಾರಿ ಜಾಲತಾಣ) ಮಾಹಿತಿ ತುಂಬುವುದು ಎಲ್ಲವೂ ಇವೆ. ನಲವತ್ತು ಮಕ್ಕಳ ಎದುರು ಯಂತ್ರ ಕೈಕೊಟ್ಟಾಗ ಆಗುವ ಮುಜುಗರವೂ ಸಣ್ಣದಲ್ಲ. ಆದ್ದರಿಂದ ತರಬೇತಿ ಹೊರಗಿನ ಸಭಾಂಗಣದಲ್ಲಿ ಒಂದೇ ಸಲ ಮುಗಿಯದೆ, ನಿಮ್ಮದೇ ಕೊಠಡಿಯಲ್ಲಿ, ನಿಮ್ಮದೇ ಯಂತ್ರದಲ್ಲಿ, ಮುಂದಿನ ವಾರ ಮಾಡಬೇಕಾದ ಪಾಠವನ್ನೇ ಹಿಡಿದು ನಡೆಯಲಿ. ಇಬ್ಬರು ಶಿಕ್ಷಕರಾದರೂ ಒಟ್ಟಿಗೆ ಕಲಿಯಲಿ. ಒಬ್ಬರಿಗೆ ವರ್ಗಾವಣೆಯಾದರೂ ಇನ್ನೊಬ್ಬರು ಇರುತ್ತಾರೆ. ಮಕ್ಕಳಲ್ಲಿ ಆರು ಜನರನ್ನು ಆರಿಸಿ ಯಂತ್ರ ಚಾಲೂ ಮಾಡುವುದು, ಸರಿಯಾಗಿ ಮುಚ್ಚುವುದು, ಸಡಿಲವಾದ ಕೇಬಲ್ ಗುರುತಿಸುವುದು ಕಲಿಸಿ. ಅವರಲ್ಲಿ ಅರ್ಧ ಹೆಣ್ಣುಮಕ್ಕಳಿರಲಿ, ಏಕೆಂದರೆ ಇಬ್ಬರಿಗೊಂದು ಯಂತ್ರ ಇರುವಲ್ಲಿ ಮೌಸ್ ಹುಡುಗರ ಕೈಯಲ್ಲೇ ಉಳಿಯುವುದನ್ನು ಯಾವ ಶಿಕ್ಷಕರೂ ಗಮನಿಸಬಹುದು. ಅವಧಿಯ ಮಧ್ಯೆ ಗಂಟೆ ಬಾರಿಸಿ ಜಾಗ ಬದಲಿಸುವ ನಿಯಮ ಮಾಡಿ.

ಏಳನೇ ಹೆಜ್ಜೆ: ಮಕ್ಕಳ ಮಾಹಿತಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕೆಂಬುದು ಕಾಯ್ದೆಯ ಸಾಮಾನ್ಯ ನಿಯಮ. ಉಚಿತವೆಂದು ಕೊಡುವ ಕಲಿಕಾ ಆ್ಯಪ್ ಮಕ್ಕಳ ಹೆಸರು, ಫೋನ್ ಸಂಖ್ಯೆ, ಫೋಟೊ ಕೇಳಿದರೆ ಏಕೆಂದು ಬರಹದಲ್ಲಿ ಕೇಳಿ. ಸಾಧ್ಯವಾದಲ್ಲೆಲ್ಲ ಹೆಸರಿನ ಬದಲು ಹಾಜರಿ ಸಂಖ್ಯೆಯಿಂದ ಲಾಗಿನ್ ಮಾಡಿಸಿ. ಪೋಷಕರ ಸಭೆಯಲ್ಲಿ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಿರಿ. ದಾನಿಗಳಿಗೆ ಕಳಿಸುವ ಫೋಟೊಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಬಡತನವನ್ನು ತೋರಿಸಿ ಕೃತಜ್ಞತೆ ಸಲ್ಲಿಸುವ ಚಿತ್ರಗಳಲ್ಲಿ ಮಗುವಿನ ಮುಖ ಇರಬೇಕಾದ ಅಗತ್ಯವೇ ಇಲ್ಲ.

ಎಂಟನೇ ಹೆಜ್ಜೆ: ಬಳಕೆಯ ವಹಿ, ಪರಿಶೀಲನೆ, ಹಸ್ತಾಂತರ

ಕೊಠಡಿಯ ಬಾಗಿಲ ಬಳಿ ಒಂದು ಸಾದಾ ನೋಟ್‌ಬುಕ್ ಇರಲಿ. ದಿನಾಂಕ, ಅವಧಿ, ತರಗತಿ, ಮಾಡಿದ ಪಾಠ, ನಡೆಯದ ಯಂತ್ರದ ಸಂಖ್ಯೆ, ಶಿಕ್ಷಕರ ಸಹಿ, ಇಷ್ಟೇ ಕಲಂ ಸಾಕು. ತಿಂಗಳ ಕೊನೆಯ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಓದಿ: ನಿಗದಿಯಾದ ಅವಧಿಗಳಲ್ಲಿ ಎಷ್ಟು ನಡೆದವು, ನಡೆಯದಿದ್ದುದಕ್ಕೆ ಕಾರಣ ಕರೆಂಟೋ, ಯಂತ್ರವೋ, ಶಿಕ್ಷಕರ ಬೇರೆ ಕರ್ತವ್ಯವೋ? ಮೂರು ತಿಂಗಳಾದ ಮೇಲೆ ಮೊದಲ ಹೆಜ್ಜೆಯಲ್ಲಿ ಆರಿಸಿದ ತೊಡಕಿನ ಮೇಲೆ ಹತ್ತು ಪ್ರಶ್ನೆಗಳ ಚಿಕ್ಕ ಪರೀಕ್ಷೆ ಮಾಡಿ. ಇದೇ ಪರೀಕ್ಷೆಯನ್ನು ಆರಂಭದಲ್ಲೂ ಮಾಡಿಟ್ಟಿರಬೇಕು. ಪ್ರಗತಿ ಕಾಣದಿದ್ದರೆ ತಂತ್ರಾಂಶವನ್ನೋ ವೇಳೆಯನ್ನೋ ಬದಲಿಸಿ. ಇನ್ನಷ್ಟು ಯಂತ್ರ ಕೇಳುವುದು ಅದಕ್ಕೆ ಪರಿಹಾರವಲ್ಲ.

ಮುಖ್ಯ ಶಿಕ್ಷಕರ ವರ್ಗಾವಣೆಯ ದಿನಕ್ಕೂ ಇಂದೇ ಸಿದ್ಧವಾಗಿರಬೇಕು. ದಾಸ್ತಾನು ವಹಿ, ದಾನಿಗಳೊಡನೆ ಮಾಡಿಕೊಂಡ ಒಪ್ಪಂದದ ಪ್ರತಿ, ನಿರ್ವಹಣೆಯ ಕರಾರು ಮುಗಿಯುವ ದಿನಾಂಕ, ದುರಸ್ತಿಯವರ ಫೋನ್ ಸಂಖ್ಯೆ, ಎಲ್ಲ ಪಾಸ್‌ವರ್ಡುಗಳಿರುವ ಮುಚ್ಚಿದ ಲಕೋಟೆ ಮತ್ತು ಎರಡು ಜೊತೆ ಬೀಗದ ಕೈ, ಇವು ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಹೆಸರು ಹೆಸರಾಗಿ ನಮೂದಾಗಲಿ. ಹೊಸದಾಗಿ ಬಂದವರು ಸಹಿ ಹಾಕುವ ಮೊದಲು ಪ್ರತಿ ಯಂತ್ರವನ್ನೂ ತಾವೇ ಚಾಲೂ ಮಾಡಿ ನೋಡಲಿ.